ಬಂದೆ ಅಂದವಳ ಚುಕ್ಕಿ

ಒಂದಾನೊಂದು ಊರು, ಊರಿನ ಬೆನ್ನಿಗೊಂದು ಕಾಡು, ಕಾಡಿನ ಅಂಚಿಗೊಂದು ಮನೆ, ಆ ಮನೆಯಲ್ಲಿ ಇಬ್ಬರೇ ಇಬ್ಬರು ಅಕ್ಕತಂಗಿಯರು. ತಂಗಿಗೆ ಕಾಡೆಂದರೆ ಪ್ರಾಣ, ಅಕ್ಕನಿಗೆ ತಂಗಿಯೆಂದರೆ ಪ್ರಾಣ. ಕಾಡಿಗೆ ಹೋದವಳು ದಾರಿ ತಪ್ಪಿದರೆ ಏನು ಗತಿ ಅಂತ ಅಕ್ಕ ಒಂದು ಉಪಾಯ ಹೂಡಿದಳಂತೆ. ತಂಗಿಯ ಲಂಗದ ಅಂಚಿನಿಂದ ಒಂದೆಳೆ ನೂಲು ಬಿಡಿಸಿ, ಅದರ ತುದಿಯನ್ನು ತನ್ನ ಕಿರುಬೆರಳಿಗೆ ಸುತ್ತಿಕೊಂಡಳಂತೆ. ತಂಗಿಗೆ ಹೇಳಲಿಲ್ಲ. ಹೇಳಿದರೆ ಪಾಪ, ಹೋಗುವ ಖುಷಿಯೇ ಹೋದೀತು. ತಂಗಿ ನಡೆದಳು, ನೂಲು ಬಿಚ್ಚಿತು. ಹಳ್ಳ ದಾಟಿದಳು, ನೂಲು ಬಿಚ್ಚಿತು. ಅಕ್ಕ ಹೊಸ್ತಿಲ ಮೇಲೆ ಕೂತು ಬೆರಳಿಗೆ ಬೀಳುವ ಸೆಳೆತದಲ್ಲೇ ಈಗ ಅಲ್ಲಿದ್ದಾಳೆ, ಈಗ ಇತ್ತ ತಿರುಗಿದಳು ಅಂತ ತಿಳಿದುಕೊಂಡು ಹಾಯಾಗಿದ್ದಳು. ನೂಲು ಎಲ್ಲಿಂದ ಬರುತ್ತಿದೆ ಅನ್ನುವುದು ಮಾತ್ರ ಅವಳ ತಲೆಗೆ ಹೊಳೆಯಲಿಲ್ಲ. ತಂಗಿ ದೂರ ಹೋದಷ್ಟೂ ಲಂಗ ಗಿಡ್ಡವಾಗುತ್ತಿತ್ತು.

ಅಜ್ಜಿ ಕಥೆಯನ್ನು ಅಲ್ಲಿಗೇ ಬಿಟ್ಟು ಮಗ್ಗುಲು ಬದಲಾಯಿಸುತ್ತಿದ್ದಳು. ಒಂದೇ ಹೊದಿಕೆಯೊಳಗೆ ಮಲಗಿದ್ದ ಇಬ್ಬರು ಹುಡುಗಿಯರಲ್ಲಿ ಚಿಕ್ಕವಳು ಕಿಸಕ್ಕನೆ ನಕ್ಕರೆ, ದೊಡ್ಡವಳು "ಆಮೇಲೆ ಅಕ್ಕನಿಗೆ ಗೊತ್ತಾಯ್ತಾ ಅಜ್ಜಿ?" ಎಂದು ಕೇಳುವಳು. "ಗೊತ್ತಾಗದೆ ಏನು, ಮಲ್ಕೊಳೇ," ಎನ್ನುವಳು ಅಜ್ಜಿ, ಗೋಡೆಯ ಕಡೆ ತಿರುಗಿಕೊಂಡು. ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಅಕ್ಕ ಯಾವ ಮುಖ ಹೊತ್ತು ತಂಗಿಯ ಎದುರು ನಿಂತಳು ಎಂಬುದನ್ನು ಮುದುಕಿ ಕೊನೆಯವರೆಗೂ ಬಾಯಿಬಿಡಲಿಲ್ಲ. ಆ ದೊಡ್ಡವಳು ಈಗ ಹಗಲಿನ ಪಾಳಿಯಲ್ಲಿ, ಗಾಜಿನ ಕೋಣೆಯಲ್ಲಿ, ಪರದೆಯ ಮುಂದೆ ಕೂತಿದ್ದಾಳೆ. ಕೆಳಗೆ ಆಸ್ಪತ್ರೆ ಹೋಟೆಲುಗಳ ಹಾಸುಬಟ್ಟೆಗಳನ್ನು ತಿರುವಿ ತಿರುವಿ ಬಡಿದು ಒಗೆಯುವ ಯಂತ್ರಗಳು. ಆ ಬಡಿತ ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಅವಳ ಹಲ್ಲಿಗೆ ಹತ್ತುತ್ತದೆ. ಗಾಜಿನ ಮೇಲೆ ಒಳಗಿನಿಂದ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಪರದೆಯ ಮೇಲೆ ಊರು, ಊರಿನ ಬೀದಿಗಳಲ್ಲಿ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಕಂಪನಿಯ ಒಂದೊಂದು ಗಾಡಿ. ನಿಂತ ಚುಕ್ಕಿ ಸ್ವಲ್ಪ ಹೊತ್ತಾದ ಮೇಲೆ ಕೆಂಪಾಗುತ್ತದೆ. ಕೆಂಪಾದರೆ ಇವಳು ಫೋನ್ ಮಾಡಬೇಕು. ಅದೇ ಇವಳ ಕೆಲಸ. ಡ್ರೈವರುಗಳು ಇವಳಿಗೆ ಕಣ್ಣಮ್ಮ ಎಂದು ಹೆಸರಿಟ್ಟಿರುವುದು ಇವಳಿಗೆ ಗೊತ್ತು. ಇವಳಿಗೆ ಗೊತ್ತಿರುವುದು ಅವರಿಗೂ ಗೊತ್ತು. ಎದುರಿಗೆ ಮಾತ್ರ ಮೇಡಂ.

ಇವತ್ತು ಗಾಡಿ ಹೊರಡುವ ಮೊದಲೇ ಜಗಳ. ಗಾಡಿಯಲ್ಲಿರುವ, ಜಾಗ ತೋರಿಸುವ ಯಂತ್ರ ಸಾಲದು, ಪ್ರತಿಯೊಬ್ಬರೂ ತಂತಮ್ಮ ಫೋನಿನಲ್ಲೂ ಅದನ್ನು ಹಾಕಿಕೊಳ್ಳಬೇಕು ಎಂದು ಮೇಲಿನಿಂದ ಬಂದಿತ್ತು. ಡ್ರೈವರುಗಳು ಗಾಜಿನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಂದೆ ಉದ್ದಣ್ಣ. ಅವನು ಬಾಗಿಲಲ್ಲಿ ತಲೆ ತಗ್ಗಿಸಿಯೇ ಮಾತಾಡಬೇಕು. ಹಾಗಾಗಿ ಅವನು ಎಂಥ ಜಗಳವಾಡಿದರೂ ವಿನಯದಿಂದ ಆಡಿದ ಹಾಗೆ ಕಾಣುತ್ತದೆ.

"ಗಾಡಿಗೆ ಇನ್ನೂ ನಾಲ್ಕು ಹಾಕಿ ಸಾರ್, ಬೇಡ ಅಂದೋರ್ಯಾರು. ಗಾಡಿ ಕಂಪನೀದು. ಫೋನು ನಂದು. ಅದು ನನ್ನ ದಿಂಬಿನ ಪಕ್ಕ ಮಲಗತ್ತೆ."

"ಕೆಲಸ ಮುಗಿದ ಮೇಲೆ ಯಾರೂ ನೋಡಲ್ಲ ಕಣಯ್ಯಾ," ಎಂದರು ಮ್ಯಾನೇಜರು. "ಬಚ್ಚಿಡೋಕೆ ಏನೂ ಇಲ್ಲದವನಿಗೆ ಇಷ್ಟೊಂದು ಭಯ ಯಾಕೆ?"

"ನನ್ನ ಮೈಯಲ್ಲೂ ಬಚ್ಚಿಡೋ ಅಂಥದ್ದು ಏನೂ ಇಲ್ಲ ಸಾರ್. ಎಲ್ಲರಿಗೂ ಇರೋದೇ. ಆದ್ರೂ ಬಚ್ಚಲ ಬಾಗಿಲು ಹಾಕ್ಕೋತೀನಿ."

ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು, ನಕ್ಕಿದ್ದಕ್ಕೆ ಸಿಟ್ಟಾಗಿ ಇವಳ ಕಡೆ ತಿರುಗಿದರು. "ನೀವೇ ಹೇಳಿ ಮೇಡಂ. ದಿನಾ ನೋಡೋರು ನೀವು. ಇದರಲ್ಲಿ ತಪ್ಪೇನಿದೆ?" ಬಾಗಿಲಲ್ಲಿ ನಿಂತ ಅಷ್ಟೂ ಮುಖಗಳು ಇವಳತ್ತ ತಿರುಗಿದವು. ಇವಳ ಬಾಯಿಗೆ ಮಾತು ಎಂದೂ ಕಡಿಮೆಯಾಗಿದ್ದಿಲ್ಲ. ಕೇಳಿದ ಕೂಡಲೇ ಎರಡು ಮಾತು ಹೆಚ್ಚಾಗಿಯೇ ಬರುತ್ತಿದ್ದವು. "ಸುರಕ್ಷತೆಗೆ ಒಳ್ಳೇದೇ ಅಲ್ವಾ," ಎಂದಳು. ಹೇಳುತ್ತಿದ್ದ ಹಾಗೆ ತನ್ನ ದನಿಯಲ್ಲಿ ಒಂದು ಬಗೆಯ ಸಿಹಿ ಕೇಳಿಸಿ ಕಿವಿ ಬಿಸಿಯಾಯಿತು. ಉದ್ದಣ್ಣ ತಲೆ ತಗ್ಗಿಸಿಕೊಂಡೇ ಇವಳನ್ನು ನೋಡಿದ. "ನೀವು ಹಾಕ್ಕೊಂಡಿದೀರಾ ಮೇಡಂ, ನಿಮ್ಮ ಫೋನಲ್ಲಿ?" ಎಂದು ಕೇಳಿದ. ತಮಾಷೆಗೆ ಕೇಳಿದ್ದು. ಉತ್ತರಕ್ಕೆ ಕಾಯದೆ ಹೋದ. ಇವಳು ಮೇಜಿನ ಮೇಲಿದ್ದ ತನ್ನ ಫೋನನ್ನು ಬೋರಲು ಹಾಕಿದಳು. ಅದರೊಳಗೆ ಇನ್ನೊಂದು ಊರು ಇತ್ತು, ಅದರಲ್ಲಿ ಒಂದೇ ಒಂದು ಚುಕ್ಕಿ, ನೀಲಿಯದು.

ತಂಗಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾಳೆ. ಮಾತು ಬೇಡದ ಕೆಲಸ. ಅಳತೆ ಪಟ್ಟಿ, ವಜ್ರದ ಮೊನೆಯ ಕತ್ತಿ, ಒಂದು ಗೆರೆ, ಒಂದು ಸಣ್ಣ ತಟ್ಟು, ಗಾಜು ಎರಡಾಗುತ್ತದೆ. ತಂಗಿಯ ಮಾತು ಹುಟ್ಟಿದಾಗಿನಿಂದ ತಡವರಿಸುತ್ತದೆ. ಎಲ್ಲ ಮಾತೂ ಅಲ್ಲ. ಅ, ಇ, ಎ, ಹೀಗೆ ಬಾಯಿ ತೆರೆದುಕೊಂಡೇ ಹುಟ್ಟುವ ಮಾತುಗಳು ಅವಳ ಗಂಟಲಲ್ಲಿ ಬಂದು ನಿಂತುಬಿಡುತ್ತವೆ. ಗದ್ದ ನಡುಗುತ್ತದೆ, ಕಣ್ಣು ಒಂದು ಬದಿಗೆ ಸರಿಯುತ್ತದೆ, ದನಿಯೇ ಬರುವುದಿಲ್ಲ. ಅದಕ್ಕೇ ಅವಳು ಅಕ್ಕನನ್ನು ಅಕ್ಕ ಎಂದು ಕರೆದದ್ದಿಲ್ಲ. ದೊಡ್ಡೋಳೇ ಎನ್ನುತ್ತಾಳೆ, ನಗುತ್ತ. ಆ ನಗುವಿನ ಹಿಂದೆ ಏನಿದೆ ಎಂದು ದೊಡ್ಡವಳು ಯೋಚಿಸಲಿಲ್ಲ. ಕೊಬ್ಬು ಎಂದುಕೊಂಡಿದ್ದಳು. ಸಣ್ಣವರಿದ್ದಾಗ ಅಂಗಡಿಯವನು "ಏನು ಬೇಕಮ್ಮಾ?" ಎಂದು ತಂಗಿಯನ್ನು ಕೇಳಿದರೆ ದೊಡ್ಡವಳು ಹೇಳುವಳು. ಶಾಲೆಯಲ್ಲಿ ಹಾಜರಿ ಕೂಗಿದರೆ ಪಕ್ಕದ ಕೋಣೆಯಿಂದ ಓಡಿಬಂದು ಹೇಳಬೇಕೆನ್ನಿಸುತ್ತಿತ್ತು. ಡಾಕ್ಟರು ತಂಗಿಯ ಹೊಟ್ಟೆ ಒತ್ತಿ "ಇಲ್ಲಿ ನೋವಾ?" ಎಂದಾಗಲೂ ಇವಳೇ "ಹ್ಞೂಂ, ಅಲ್ಲೇ" ಎಂದಿದ್ದಳು. ನೋವು ಎಲ್ಲಿತ್ತೋ. ಜನ ಕ್ರಮೇಣ ತಂಗಿಯ ಮುಖ ನೋಡುವುದನ್ನೇ ಬಿಟ್ಟು, "ಅವಳಿಗೆ ಏನಂತೆ?" ಎಂದು ಇವಳನ್ನು ಕೇಳತೊಡಗಿದರು. ಆ ಪ್ರಶ್ನೆ ತನಗೆ ಇಷ್ಟವಾಗುತ್ತಿತ್ತು ಎಂಬುದನ್ನು ಈಗ, ಈ ಬಡಿತದ ನಡುವೆ, ಅವಳು ಹಲ್ಲು ಕಚ್ಚಿ ಒಪ್ಪಿಕೊಂಡಳು.

ಒಪ್ಪಿಕೊಂಡಳು. ಅದೇ ಮಾತು. ತಂಗಿ ಹೊಸ ಫೋನು ಕೊಂಡಾಗ, "ನೀನೇ ಸರಿ ಮಾಡಿಕೊಡು ದೊಡ್ಡೋಳೇ" ಎಂದು ಇವಳ ಕೈಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದಳು. ಫೋನು ಒಂದೊಂದಾಗಿ ಕೇಳುತ್ತ ಹೋಯಿತು, ಇವಳು ಒಂದೊಂದಾಗಿ ಒತ್ತುತ್ತ ಹೋದಳು. ನೀವು ಇರುವ ಜಾಗವನ್ನು ಇನ್ನೊಬ್ಬರಿಗೆ ತೋರಿಸಬಹುದೇ ಎಂದು ಕೇಳಿತು. ಕೆಳಗೆ ಎರಡು ಚೌಕ. ಒಂದರಲ್ಲಿ 'ಬೇಡ', ಇನ್ನೊಂದರಲ್ಲಿ 'ಒಪ್ಪುತ್ತೇನೆ'. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ಅವಳನ್ನ ನೋಡ್ಕೋ" ಎಂದೇ ಇಡುತ್ತಾಳೆ. ನೋಡಿಕೊಳ್ಳುವುದಕ್ಕೆ ನೋಡಬೇಕಲ್ಲ. ಇವಳು ಒತ್ತಿದಳು. ಒಪ್ಪುತ್ತಾಳೆ ಎಂದಲ್ಲ, ಒಪ್ಪಿಸುತ್ತೇನೆ ಎಂದೂ ಅಲ್ಲ. ಒಪ್ಪುತ್ತೇನೆ. ತಂಗಿಯ 'ನಾನು' ಎಂಬುದನ್ನು ತನ್ನ ಹೆಬ್ಬೆರಳಿನಿಂದ ಆಡಿಬಿಟ್ಟಿದ್ದಳು. ಅಂಗಡಿಯವನಿಗೆ, ಡಾಕ್ಟರಿಗೆ ಆಡಿದ ಹಾಗೆಯೇ, ಅಷ್ಟೇ ಸಲೀಸಾಗಿ. ನೀರು ನಿಂತಿತು. ತಂಗಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದು "ಆಯ್ತಾ?" ಎನ್ನಲು ಹೋಗಿ, ಅದು ಬಾರದೆ, "ಮುಗೀತಾ?" ಎಂದಳು.

ಮೊದಮೊದಲು ಸುಖವಾಗಿತ್ತು. ಮಧ್ಯಾಹ್ನ ಒಮ್ಮೆ ತೆಗೆದು ನೋಡಿದರೆ ಚುಕ್ಕಿ ಅಂಗಡಿಯ ಮೇಲೆ ನೀಲಿಯಾಗಿ ಉಸಿರಾಡುತ್ತಿರುವುದು. ಸಂಜೆ ಬೀದಿಗಿಳಿದು ಮನೆಯ ಕಡೆ ತೆವಳುವುದು. ಇವಳು ಆಗಲೇ ಚಹಾಕ್ಕೆ ನೀರಿಡುವಳು. ತಂಗಿ ಬಾಗಿಲು ತೆರೆಯುವಾಗ ಲೋಟ ಸಿದ್ಧ. "ನಿನಗೆ ಹೇಗೆ ಗೊತ್ತಾಗತ್ತೆ?" ಎಂದು ತಂಗಿ ಬೆರಗಾದರೆ, "ಮನಸ್ಸಿಗೆ ಗೊತ್ತಾಗತ್ತೆ ಕಣೇ" ಎನ್ನುವಳು. ಎಂಥ ಮಾತು. ಆಮೇಲೆ ಗುರುವಾರಗಳು ಬಂದವು. ಗುರುವಾರ ಸಂಜೆ ಚುಕ್ಕಿ ಮನೆಯ ಕಡೆ ತಿರುಗದೆ ಒಂದು ಓಣಿಗೆ ಹೋಗಿ ನಿಲ್ಲುತ್ತಿತ್ತು. ಆ ಓಣಿಯಲ್ಲಿ ಒಂದು ಸೈಕಲ್ ಅಂಗಡಿ, ಒಂದು ಬೀಗ ಹಾಕಿದ ಗೋದಾಮು, ಇಷ್ಟೇ. ಇವಳು ಫೋನ್ ಮಾಡಿ "ಎಲ್ಲಿದ್ದೀಯ?" ಎನ್ನುವಳು. "ಬಂದೆ," ಎನ್ನುವಳು ತಂಗಿ. ಚುಕ್ಕಿ ಅಲ್ಲಾಡುವುದಿಲ್ಲ. ಇನ್ನೊಮ್ಮೆ ಮಾಡಿದರೆ "ಬಂದೆ, ಬಂದೆ." ಚುಕ್ಕಿ ಅಲ್ಲೇ ಉಸಿರಾಡುತ್ತಿರುತ್ತದೆ. ಬಂದೆ ಎನ್ನುವುದು ಹೊಸದೇನಲ್ಲ. ಯಾರು ಅನ್ನುವುದಿಲ್ಲ? ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತವರೂ ಬಾಗಿಲು ಬಡಿದರೆ ಬಂದೆ ಎನ್ನುತ್ತಾರೆ. ಅಜ್ಜಿ ಹಿತ್ತಲಿನಿಂದ ಬಂದೆ ಕಣ್ರೇ ಎಂದು ಕೂಗಿ, ಬರುವುದಕ್ಕೆ ಒಂದು ಯುಗ ಮಾಡುತ್ತಿದ್ದಳು. ಉದ್ದಣ್ಣ ಗಾಡಿ ನಿಲ್ಲಿಸಿ ಹೋಟೆಲಲ್ಲಿ ಕೂತು ಬಂದೆ ಮೇಡಂ ಎನ್ನುತ್ತಾನೆ. ಬರುವ ಮನಸ್ಸಿದೆ ಎಂದಷ್ಟೇ ಅದರ ಅರ್ಥ, ಯಾರೂ ಅದನ್ನು ಸುಳ್ಳೆಂದು ಎಣಿಸಿರಲಿಲ್ಲ. ಚುಕ್ಕಿ ಬಂದ ಮೇಲೆ ಅದೇ ಮಾತು ಸುಳ್ಳಾಯಿತು. ಕೈಯಲ್ಲಿ ಚುಕ್ಕಿ, ಕಿವಿಯಲ್ಲಿ ಬಂದೆ. ತಂಗಿ ತನಗೆ ಸುಳ್ಳು ಹೇಳುತ್ತಾಳೆ ಎಂದು ದೊಡ್ಡವಳು ಪರದೆಯ ಬೆಳಕಿನಲ್ಲಿ ನಂಬಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಟೈಲರ್ ಮಾಸ್ಟರು. ಹರಿದ ಹಾಸುಬಟ್ಟೆಗಳನ್ನು ಒಯ್ದು ಹೊಲಿದು ತಂದುಕೊಡುವವರು. ಇಷ್ಟು ವರ್ಷ ಅವರನ್ನು ಬಿಗುಮಾನದ ಮನುಷ್ಯ ಎಂದೇ ತಿಳಿದಿದ್ದಳು. ಅವರು ಬಾಯಿ ತೆರೆಯುವುದರೊಳಗೆ ಇವಳೇ "ಗಂಟಾ ಮಾಸ್ಟ್ರೇ, ಅಲ್ಲಿ ಮೂಲೇಲಿದೆ ನೋಡಿ" ಎಂದುಬಿಡುತ್ತಿದ್ದಳು. ಅವರು ತಲೆಯಾಡಿಸಿ ಹೊತ್ತುಕೊಂಡು ಹೋಗುವರು. ಕಳೆದ ಗುರುವಾರ ಅವರನ್ನು ಬೇರೊಂದು ಕಡೆ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ದುಂಡಗೆ ಇಟ್ಟ ಕುರ್ಚಿಗಳಲ್ಲೊಂದರಲ್ಲಿ ಕಂಡಿದ್ದಳು. ಇವತ್ತು ಅವಳ ಬಾಯಿಗೆ ಮಾತು ಬಂದರೂ ಹಿಡಿದುಕೊಂಡಳು. ಮಾಸ್ಟರು ಒಳಗೆ ಬಂದು, ಕೂರದೆ, ಕುರ್ಚಿಯ ಬೆನ್ನು ಹಿಡಿದು ನಿಂತರು. ಅವರ ಮಾತು ಬರುವುದಕ್ಕೆ ಹೊತ್ತು ಹಿಡಿಯಿತು. ಕೆಳಗೆ ಒಂದು ಯಂತ್ರ ಬಡಿದು ನಿಂತು ಇನ್ನೊಂದು ಶುರುವಾಯಿತು.

"ನಿ... ನಿಮ್ಮ ತಂಗಿ, ಅವರು ಅಲ್ಲಿಗೆ ಬರೋದನ್ನ ನಾನೇ ನಿಮಗೆ ಹೇಳಿದ್ದು ಅಂದ್ಕೊಂಡಿದಾರೆ."

"ಯಾರಂದ್ರು ಹಾಗೆ?"

"ಅವರೇ. ಫೋನ್ ಮಾಡಿದ್ರು." ಮಾಸ್ಟರು ನಿಲ್ಲಿಸಿ ಅವಳ ಮುಖ ನೋಡಿದರು, ಅದು ಅವಳಿಗೆ ಅರ್ಥವಾಯಿತೇ ಎಂದು. "ಫೋನು, ಮೇಡಂ. ಮಾತು ತಡವರಿಸೋ ನಮ್ಮಂಥೋರು ಯಾರಿಗಾದ್ರೂ ತಾವಾಗೇ ಫೋನ್ ಮಾಡೋದು ಅಂದ್ರೆ..." ಕೈಯಿಂದ ಒಂದು ಬೆಟ್ಟದ ಎತ್ತರ ತೋರಿಸಿದರು. "ಮಾಸ್ಟ್ರೇ, ನೀವಾ? ಅಂತ ಕೇಳಿದ್ರು. ಅಷ್ಟೇ. ಇಟ್ರು."

"ನೀವಲ್ಲ ಅಂತ ನನಗೆ ಗೊತ್ತಲ್ಲ ಮಾಸ್ಟ್ರೇ."

"ನಿಮಗೆ ಗೊತ್ತು. ಅ... ಅವರಿಗೆ?" ಬೆವರು ಒರೆಸಿಕೊಂಡರು. "ಅಲ್ಲಿ ಒಂದೇ ಕಟ್ಟುಪಾಡು. ಒಳಗಿನದು ಹೊರಗೆ ಹೋಗಬಾರದು. ನಾನು ನಿಮ್ಮಲ್ಲಿಗೆ ಬಂದು ಹೋಗೋನು. ಅನುಮಾನ ಬರತ್ತೆ, ತಪ್ಪಲ್ಲ. ನಾನಿರೋ ಕಡೆ ಬರಲ್ಲ ಅಂದಿದಾರಂತೆ. ಇವತ್ತು ಗುರುವಾರ. ಅದಕ್ಕೆ ಇವತ್ತಿಂದ ನಾನು ಹೋಗಲ್ಲ. ಅವರು ಬರಲಿ. ಚಿಕ್ಕೋರು. ನನಗೆ ಮಾತಾಡದೆ ಇದ್ದು ಅಭ್ಯಾಸ ಇದೆ."

ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಒಂದು ಗಂಟನ್ನು ಇಲ್ಲಿಂದೆತ್ತಿ ಅಲ್ಲಿಡುವ ಹಾಗೆ ಹೇಳಿದರು. ದೊಡ್ಡವಳಿಗೆ ಮೇಜಿನ ಕೆಳಗೆ ಹೊಕ್ಕುಬಿಡೋಣ ಎನ್ನಿಸಿತು. "ಬೇಡ ಮಾಸ್ಟ್ರೇ. ಸಂಜೆ ಒಳಗೆ ನಾನೇ ಅವಳಿಗೆ ಹೇಳ್ತೀನಿ. ನೀವಲ್ಲ ಅಂತ."

"ಮತ್ತೆ ಯಾರು ಅಂತಾನೂ?"

"ಅದನ್ನೂ."

"ಮಾತು ಕೊಟ್ರಾ?"

"ಕೊಟ್ಟೆ."

ಯಾರು ಎಂದು ಅವರು ಕೇಳಲಿಲ್ಲ. ಗಂಟು ಹೆಗಲಿಗೇರಿಸಿ "ಬರ್ತೀನಿ" ಎಂದು ಹೋದರು. ಕೇಳಿದ್ದರೆ ಚೆನ್ನಾಗಿತ್ತು. ಮೊದಲು ಅವರ ಮುಂದೆ ಹೇಳಿ ಹಗುರಾಗಬಹುದಿತ್ತು. ಹಾಗೆ ಹಗುರಾಗಲು ಹೊಂಚುಹಾಕುತ್ತಿರುವ ತನ್ನ ಮನಸ್ಸನ್ನು ಕಂಡು ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು.

ಆ ಗುರುವಾರ ಅವಳು ತಲೆನೋವೆಂದು ಹೇಳಿ ಬೇಗ ಹೊರಟಿದ್ದಳು. ಓಣಿಯಲ್ಲಿ ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಹತ್ತುವಾಗ ಅವಳ ತಲೆಯಲ್ಲಿ ಎಂಥೆಂಥ ಕೋಣೆಗಳಿದ್ದವು. ಗಂಡಸಿನ ಚಪ್ಪಲಿಗಳು ಹೊರಗಿದ್ದದ್ದನ್ನು ಕಂಡು ಎದೆ ಒಮ್ಮೆ ಕುಣಿಯಿತು, ಸಿಕ್ಕಿಬಿದ್ದಳು ಎಂಬ ಖುಷಿಯಿಂದ. ಅದು ಭಯವಾಗಿತ್ತು ಎಂದು ಆಮೇಲೆ ಎಷ್ಟು ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ಬಾಗಿಲು ತಟ್ಟದೆ ನೂಕಿದಳು. ದುಂಡಗೆ ಕುರ್ಚಿಗಳು, ಕೆಲವು ಜನ, ನಡುವೆ ತಂಗಿ ಎದ್ದು ನಿಂತಿದ್ದಾಳೆ. ಬಾಯಿ ತೆರೆದಿದೆ, ಗದ್ದ ನಡುಗುತ್ತಿದೆ, ಕಣ್ಣು ಬದಿಗೆ ಸರಿದಿಲ್ಲ, ನೇರ ಮುಂದೆ ನೋಡುತ್ತಿದೆ. ಇಡೀ ಕೋಣೆ ಅವಳ ಆ ಒಂದು ಅ ಹೊರಬರುವುದಕ್ಕೆ ಕಾಯುತ್ತಿತ್ತು. ಯಾರಿಗೂ ಅವಸರವಿರಲಿಲ್ಲ. ಅಂಥ ಮೌನವನ್ನು ದೊಡ್ಡವಳು ಎಲ್ಲೂ ಕಂಡಿರಲಿಲ್ಲ. ಕಂಡ ತಕ್ಷಣ ಅದನ್ನು ತುಂಬಬೇಕೆನ್ನಿಸಿತು. "ಅಕ್ಕ ಬಂದಳು ಅನ್ನೇ, ಅದಕ್ಯಾಕೆ ಇಷ್ಟು ಕಷ್ಟ," ಎಂದಳು ಬಾಗಿಲಿನಿಂದ, ನಗುತ್ತ, ನಾಲ್ಕು ಜನ ನಗಲಿ ಎಂದು. ಒಬ್ಬರೂ ನಗಲಿಲ್ಲ. ಹತ್ತಿರ ಕೂತಿದ್ದ ಹೆಂಗಸೊಬ್ಬಳು ಇವಳತ್ತ ತಿರುಗದೆಯೇ ಅಂಗೈಯನ್ನು ಎತ್ತಿ ಹಿಡಿದಳು, ತಡಿ ಎಂಬಂತೆ. ತಂಗಿಯ ಬಾಯಿ ಮುಚ್ಚಿತು. ಕೂತಳು. ಅವಳು ಹೇಳಹೊರಟಿದ್ದದ್ದು ಏನು ಎಂಬುದು ಯಾರಿಗೂ ಗೊತ್ತಾಗದೆಯೇ ಉಳಿಯಿತು. ದೊಡ್ಡವಳು ಆಮೇಲೂ ನಿಲ್ಲಿಸಲಿಲ್ಲ. "ಈ ಕಡೆ ಹೋಗ್ತಿದ್ದೆ, ನಿನ್ನ ದನಿ ಕೇಳಿಸ್ತು," ಎಂದಳು. ಆ ಕೋಣೆಯಲ್ಲಿ ಅಷ್ಟು ಹೊತ್ತಿನಿಂದ ಯಾರ ದನಿಯೂ ಇರಲಿಲ್ಲ.

ಮನೆಯವರೆಗೆ ಇಬ್ಬರೂ ಜೊತೆಯಲ್ಲಿ ನಡೆದರು. ಅಡುಗೆಮನೆಯಲ್ಲಿ ತಂಗಿ ನಲ್ಲಿ ತಿರುಗಿಸಿ, ನೀರು ಸುರಿಯುತ್ತಿದ್ದ ಹಾಗೇ, "ಯಾರು?" ಎಂದಳು.

"ಯಾರು ಏನು?"

"ಹೇಳಿದ್ದು."

"ಯಾರೂ ಹೇಳಿಲ್ಲ," ಎಂದಳು ದೊಡ್ಡವಳು. ಅದು ನಿಜವೇ ಆಗಿತ್ತು. ನಿಜವನ್ನು ಹಾಗೆ ಅಡ್ಡ ಹಿಡಿದುಕೊಂಡು ಅದರ ಹಿಂದೆ ಅಡಗಬಹುದು ಎಂದು ಅವತ್ತು ಕಲಿತಳು. ತಂಗಿ ನಲ್ಲಿ ನಿಲ್ಲಿಸಿದಳು. ಆಮೇಲೆ, ಹೊದ್ದು ಮಲಗಿದ ಮೇಲೆ, ದೊಡ್ಡವಳಿಗೆ ಇನ್ನೊಂದು ಹೊಳೆಯಿತು, ಹೊಳೆದದ್ದೇ ಎದ್ದು ಕೂರಬೇಕಾಯಿತು. ಇನ್ನೂ ಹೊರಟಿಲ್ಲ ಎನ್ನಲು ತಂಗಿಗೆ ಇ ಬೇಕು. ಅರ್ಧ ಗಂಟೆ ಎನ್ನಲು ಅ ಬೇಕು. ಇಲ್ಲೇ ಇದ್ದೀನಿ, ಆಗಲ್ಲ, ಆಮೇಲೆ ಮಾತಾಡ್ತೀನಿ, ಎಲ್ಲಕ್ಕೂ ಬಾಗಿಲಲ್ಲೇ ಒಂದೊಂದು ಕಾವಲು. ಫೋನಿನ ಈ ತುದಿಯಲ್ಲಿ ದೊಡ್ಡೋಳು ಕಾಯುತ್ತಿದ್ದಾಳೆ, ತಡವಾದರೆ ನಡುವೆ ಬಾಯಿ ಹಾಕುತ್ತಾಳೆ. ಬ ಮಾತ್ರ ತುಟಿ ಬಿಟ್ಟರೆ ಸಾಕು, ತಾನಾಗಿ ಜಾರಿಬೀಳುತ್ತದೆ. ಬಂದೆ. ಬಾಯಿಗೆ ಬರುವ ಮಾತನ್ನು ಆಡುತ್ತಿದ್ದಳು ಅಷ್ಟೇ. ಅದನ್ನು ಇವಳು ಚುಕ್ಕಿಯ ಮುಂದಿಟ್ಟು ತೂಗಿ, ಸುಳ್ಳು ಎಂದು ತೀರ್ಪು ಕೊಟ್ಟಿದ್ದಳು.

ಮಧ್ಯಾಹ್ನ ಪರದೆಯ ಮೇಲೆ ಒಂದು ಚುಕ್ಕಿ ಕೆಂಪಾಯಿತು. ಉದ್ದಣ್ಣನ ಗಾಡಿ, ಯಾವುದೋ ಶಾಲೆಯ ಹಿಂದಿನ ಬೀದಿಯಲ್ಲಿ. ಫೋನಿನತ್ತ ಹೋದ ಕೈ ಅಲ್ಲೇ ನಿಂತಿತು. ಅಲ್ಲಿ ಅವನು ಏನು ಮಾಡುತ್ತಿರಬಹುದು ಎಂದು ಮನಸ್ಸು ತಾನಾಗಿ ಕಥೆ ಕಟ್ಟಲು ಹೊರಟಿತು. ಬೇಲಿಯಾಚೆ ಮಗಳ ಆಟ ನೋಡುತ್ತಿರಬಹುದು. ಹೆಂಡತಿ ಬಿಟ್ಟುಹೋಗಿರಬಹುದು. ಸುಮ್ಮನೆ ಸೀಟಿನ ಮೇಲೆ ಕಾಲು ಚಾಚಿ ಮಲಗಿರಬಹುದು. ಹೀಗೆ ಮರುಕದಿಂದ ಊಹಿಸುವುದೂ ಇಣುಕುವುದೇ ಅಲ್ಲವೇ ಎನ್ನಿಸಿ ಅವಳು ಗಾಜಿನ ಹಬೆಯತ್ತ ಮುಖ ತಿರುಗಿಸಿದಳು. ಮ್ಯಾನೇಜರು ಹಾದುಹೋಗುತ್ತ "ಕೆಂಪಿದೆಯಲ್ಲ ಮೇಡಂ," ಎಂದರು. "ಬಂದನಂತೆ ಸಾರ್," ಎಂದಳು. ಬಾಯಿಗೆ ಎಷ್ಟು ಸುಲಭವಾಗಿ ಬಂತು. ಎಲ್ಲವೂ ಸುಲಭವಾಗಿ ಬರುತ್ತದೆ ತನಗೆ. ಸಂಜೆ ಹೇಳಬೇಕಾದದ್ದನ್ನು ಮಾತ್ರ ಬೆಳಗಿನಿಂದ ಎಷ್ಟು ಬಗೆಯಾಗಿ ಜೋಡಿಸಿದರೂ ಅದು ಒಂದು ಕಡೆ ತನ್ನನ್ನು ಒಳ್ಳೆಯವಳನ್ನಾಗಿಯೇ ಮಾಡಿ ನಿಲ್ಲಿಸುತ್ತಿತ್ತು. ಕಾಲ ಕೆಟ್ಟಿದೆ. ಅಮ್ಮನಿಗೆ ಮಾತು ಕೊಟ್ಟಿದ್ದೆ. ನಿನಗೆ ಏನಾದರೂ ಆಗಿದ್ದರೆ. ಒಂದೊಂದೂ ಒಗೆದು, ಗಂಜಿ ಹಾಕಿ, ಮಡಿಸಿಟ್ಟ ಹಾಸುಬಟ್ಟೆಯ ಹಾಗೆ.

ಮನೆಗೆ ಬಂದಾಗ ತಂಗಿ ಇರಲಿಲ್ಲ. ಅಂಗಡಿ ಮುಚ್ಚುವ ಹೊತ್ತು ಮೀರಿತ್ತು. ಕಿಟಕಿಯಾಚೆ ಎದುರು ಮನೆಯ ಮಹಡಿಯ ಮೇಲೆ ಇನ್ನೂ ಬಿಸಿಲಿತ್ತು. ಆ ಕೋಣೆಯ ಮಾತುಕತೆ ಶುರುವಾಗುವುದಕ್ಕೂ ಇನ್ನೂ ಹೊತ್ತಿತ್ತು. ಎಲ್ಲಿ ಹೋದಳು? ಕೈ ಚೀಲದೊಳಗೆ ಹೋಗಿ ಫೋನನ್ನು ಹಿಡಿದೇಬಿಟ್ಟಿತ್ತು. ನೋಡಿದರೆ ಏನು, ಹೇಳುವುದಕ್ಕೇ ತಾನೇ ಹುಡುಕುವುದು, ಇದೊಂದೇ ಸಲ, ಹೇಳಿದ ಮೇಲೆ ತೆಗೆದುಹಾಕಿದರಾಯಿತು. ಆ ದನಿಯ ಸಿಹಿಯನ್ನು ಅವಳು ಈಗ ಗುರುತಿಸಿದಳು, ಬೆಳಿಗ್ಗೆ ಡ್ರೈವರುಗಳ ಮುಂದೆ ಆಡಿದ್ದೂ ಅದೇ ದನಿ. ನಕ್ಷೆಯನ್ನು ತೆರೆಯದೆ ಫೋನ್ ಮಾಡಿದಳು. ಬಹಳ ಹೊತ್ತು ರಿಂಗಾದ ಮೇಲೆ ತಂಗಿ ಎತ್ತಿದಳು. ಹಿಂದೆ ಗಾಡಿಗಳ ಸದ್ದು, ಯಾರೋ ಮಕ್ಕಳು.

"ನಾನು ಕಣೇ. ನಿನ್ನ ಹತ್ರ ಒಂದು ಮಾತಿದೆ. ಅವಸರ ಏನಿಲ್ಲ."

ಆಚೆ ಸದ್ದು ಮಾತ್ರ. ಇವಳು ಉಸಿರು ಹಿಡಿದು ಕಾದಳು. ಬಾಯಿ ಹಾಕಬಾರದೆಂದು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡಳು.

"ಬಂದೆ," ಎಂದಳು ತಂಗಿ.

ಆಮೇಲಿನ ಹೊತ್ತು ಉದ್ದವಾಗಿತ್ತು. ತಂಗಿ ಹೊರಟಿದ್ದಾಳೋ ನಿಂತಿದ್ದಾಳೋ, ಈ ಬೀದಿಯಲ್ಲೋ ಊರಾಚೆಯೋ, ಸಿಟ್ಟಿನಲ್ಲಿ ಬಸ್ಸು ಹತ್ತಿ ಅಮ್ಮನ ಮನೆಗೇ ಹೊರಟುಬಿಟ್ಟಿದ್ದಾಳೋ. ಲೋಕದಲ್ಲಿ ಎಲ್ಲರೂ ಎಲ್ಲರನ್ನೂ ಹೀಗೆಯೇ ಕಾಯುತ್ತಿದ್ದರಲ್ಲ, ಕಾಣದೆ, ಒಂದು ಮಾತನ್ನು ನಂಬಿಕೊಂಡು. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಎದ್ದಳು. ಮೇಲಿನ ಮನೆಯವರು, ಹಾಲಿನವನು, ಇನ್ಯಾರೋ. ಚಹಾಕ್ಕೆ ನೀರಿಡಲು ಹೋಗಿ, ಬೇಡವೆಂದು ಪಾತ್ರೆಯನ್ನು ಕೆಳಗಿಟ್ಟಳು. ತಂಗಿ ಬಂದಳು. ಎಲ್ಲಿಂದ ಎಂದು ಇವಳು ಕೇಳಲಿಲ್ಲ. ತಂಗಿ ಗಾಜಿನ ಚೂರು ಸಿಡಿದ ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಳು. ಚೀಲವನ್ನು ಮಂಚದ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತಳು. ದೊಡ್ಡವಳು ಬಾಗಿಲಲ್ಲೇ ನಿಂತಳು.

"ಮಾಸ್ಟರು ಬಂದಿದ್ರು. ಅವರ ಮೇಲೆ ಅನುಮಾನ ಪಡಬೇಡ."

ತಂಗಿ ನೋಡುತ್ತಿದ್ದಳು.

"ನೋಡು, ಕಾಲ ಹೇಗಿದೆ ಅಂತ ನಿನಗೇ ಗೊತ್ತು. ಅಮ್ಮ ಬೇರೆ ದಿನಾ 'ನೋಡ್ಕೋ, ನೋಡ್ಕೋ' ಅಂತಾಳೆ. ನನಗೂ ಅಷ್ಟೇ, ನೀನು ಮನೆ ಸೇರೋ ತನಕ ಜೀವ ನಿಲ್ಲಲ್ಲ. ಅದಕ್ಕೆ ಆ ಹೊಸ ಫೋನ್ ಬಂದಾಗ, ಏನೋ ಒಂದು ಅನುಕೂಲ ಇತ್ತು ಅದರಲ್ಲಿ, ಈಗ ಎಲ್ಲರ ಮನೇಲೂ ಇರತ್ತೆ ಅದು..."

ಮಾತು ನದಿಯ ಹಾಗೆ ಹರಿಯುತ್ತಿತ್ತು. ತಂಗಿ ಪಟ್ಟಿ ಸುತ್ತಿದ ಕೈಯನ್ನು ಎತ್ತಿ ಅಂಗೈ ತೋರಿಸಿದಳು. ಮಾತು ನಿಂತಿತು.

"ಸುತ್ತಿ ಬಳಸಿ ಮಾತಾಡೋದು ನನ್ನ ಕೆಲಸ," ಎಂದಳು ತಂಗಿ, ನಿಧಾನವಾಗಿ. "ನಿನ್ನದಲ್ಲ. ಬಾರದ ಮಾತನ್ನ ಬಿಟ್ಟು ಪಕ್ಕದ್ದನ್ನ ಹಿಡ್ಕೊಂಡು... ಹಾಗೇ ಬದುಕಿದೀನಿ ನಾನು. ನನಗೆ ಗೊತ್ತಾಗತ್ತೆ." ಒಂದು ಉಸಿರು. ಮುಂದಿನ ಮಾತು ಗಂಟಲಲ್ಲಿ ನಿಂತಿತು. ಅವಳು ಅದನ್ನು ಬಿಡಲಿಲ್ಲ, ಬೇರೆಯದನ್ನು ಹುಡುಕಲಿಲ್ಲ. ಗದ್ದ ನಡುಗಿತು, ಕುತ್ತಿಗೆಯ ನರ ಎದ್ದಿತು. ಎದುರು ಮನೆಯ ಮಹಡಿಯ ಬಿಸಿಲು ಇಳಿದುಹೋಯಿತು. "ಆ... ಆಡೋಕಾಗದ ಮಾತನ್ನ ಹೇಳು."

ದೊಡ್ಡವಳು ಬಾಯಿ ತೆರೆದಳು. "ನಿನ್ನನ್ನ ನೋಡ್ಕೋತಿದ್ದೆ," ಎಂದಳು. ಅದಲ್ಲ. "ನೋಡ್ತಿದ್ದೆ," ಎಂದಳು. ಅದೂ ಅಲ್ಲ. ಆ ಮಾತಿನ ಮುಂದೆ ಇನ್ನೊಂದಿತ್ತು. ಬೆಳಗಿನಿಂದ ಯಾವುದರ ಸುತ್ತ ಹಾಸುಬಟ್ಟೆಗಳನ್ನು ಸುತ್ತುತ್ತಿದ್ದಳೋ ಅದು. ಸಣ್ಣ ಮಾತು, ಮಕ್ಕಳು ಒಬ್ಬರ ಮೇಲೊಬ್ಬರು ಚಾಡಿ ಹೇಳುವಾಗ ಆಡುವಂಥದ್ದು.

"ಕದ್ದು ನೋಡ್ತಿದ್ದೆ," ಎಂದಳು. ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು, ಸಿಹಿಯಿಲ್ಲದ ದನಿಯಲ್ಲಿ. "ನಿನ್ನ ಫೋನಿಂದ ನೀನೆಲ್ಲಿದ್ದೀಯ ಅಂತ ನನ್ನ ಫೋನಲ್ಲಿ ಕಾಣತ್ತೆ. ನೀನು ಸ್ನಾನಕ್ಕೆ ಹೋದಾಗ ನಾನೇ ಒಪ್ಪುತ್ತೇನೆ ಅಂತ ಒತ್ತಿದೆ, ನಿನ್ನ ಹೆಸರಲ್ಲಿ. ಅವತ್ತಿಂದ ದಿನಾ ನೋಡಿದೀನಿ. ಚಹಾ ಇಟ್ಟಿರ್ತಿದ್ದದ್ದೂ ಹಾಗೇನೇ. ನಿನ್ನ ದನಿ ಕೇಳಿ ನಾನು ಮೆಟ್ಟಿಲು ಹತ್ತಲಿಲ್ಲ. ಮಾಸ್ಟರು ಹೇಳಿಲ್ಲ, ಯಾರೂ ಹೇಳಿಲ್ಲ. ಕದ್ದು ನೋಡಿದೆ."

ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಆ ಮೌನವನ್ನು ದೊಡ್ಡವಳು ತುಂಬಲಿಲ್ಲ. ತುಂಬುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ. ತಂಗಿ ಚೀಲದಿಂದ ಫೋನು ತೆಗೆದು, ಅದರ ಎರಡೂ ಮೈಯನ್ನು ತಿರುಗಿಸಿ ನೋಡಿ, ಮಂಚದ ಮೇಲಿಟ್ಟಳು. ಎದ್ದಳು.

"ಮಾಸ್ಟರು ಬಾಗಿಲು ಹಾಕೋದ್ರೊಳಗೆ ಹೋಗಬೇಕು," ಎಂದಳು.

ಬಾಗಿಲಿಗೆ ಅಡ್ಡವಾಗಿ ನಿಂತಿದ್ದದ್ದು ಆಗ ದೊಡ್ಡವಳ ಅರಿವಿಗೆ ಬಂತು. ಪಕ್ಕಕ್ಕೆ ಸರಿದಳು.